ತೊನ್ನು ಇರುವ ಪಿಯು ಹುಡುಗಿಯ ಪ್ರೇಮಕಥೆ: ಹುಡುಗ ಒಪ್ಪಿಕೊಂಡ ಮೇಲೆ ಕಾದಂಬರಿ ಯಾಕೆ ಸೊರಗುತ್ತಿದೆ?

ಅಂಚಿನ_ಹಾಳೆ (ಪ್ರಶ್ನೆ):

15ರಿಂದ 18ರ ವಯಸ್ಸಿನ ಓದುಗರಿಗೆಂದು ಬರೆಯುತ್ತಿರುವ ಕಾದಂಬರಿಯ ಮೊದಲ ಕರಡು ಮುಗಿದಿದೆ. 31 ಅಧ್ಯಾಯ, ಸುಮಾರು 62,000 ಪದ. ಕಥೆ ನಡೆಯುವುದು ಅರಸೀಕೆರೆಯಲ್ಲಿ. ಹುಡುಗಿಗೆ 16 ವರ್ಷ, ಪ್ರಥಮ ಪಿಯು ವಿಜ್ಞಾನ ವಿಭಾಗ. ಹತ್ತನೇ ತರಗತಿಯಿಂದ ತೊನ್ನು ಶುರುವಾಗಿದೆ: ಎಡಗಣ್ಣಿನ ರೆಪ್ಪೆ, ಬಾಯಿಯ ಪಕ್ಕ, ಬೆರಳ ತುದಿಗಳು. ಹುಡುಗ ಅದೇ ತರಗತಿಯವನು, ದಿನಾ ಬಾಣಾವರದಿಂದ ರೈಲಿನಲ್ಲಿ ಬರುತ್ತಾನೆ. ನಿರೂಪಣೆ ಪೂರ್ತಿ ಹುಡುಗಿಯದೇ.

14ನೇ ಅಧ್ಯಾಯದಲ್ಲಿ ಹುಡುಗ ಪ್ರೀತಿ ಹೇಳಿಕೊಳ್ಳುತ್ತಾನೆ, "ನೀನು ಹಿಂಗೇ ಚೆಂದ ಕಣೇ" ಅನ್ನುತ್ತಾನೆ. ಅಲ್ಲಿಯವರೆಗೆ ಓದಿದವರು ಬಿಡದೆ ಓದಿದ್ದಾರೆ, ಅಲ್ಲಿಂದಾಚೆಗೆ ಎಲ್ಲರೂ ನಿಧಾನವಾಗುತ್ತಾರೆ. ಆಮೇಲೆ ಇರುವುದು: ಇನ್ನೊಬ್ಬ ಹುಡುಗಿಯ ವಿಷಯಕ್ಕೆ ತಪ್ಪು ತಿಳುವಳಿಕೆ (15ರಿಂದ 21), ಮನೆಯಲ್ಲಿ ಹೇಳದೆ ಇಬ್ಬರೂ ಬೆಂಗಳೂರಿಗೆ ಹೋಗಿ ಚಿಕಿತ್ಸೆ ಪಡೆಯುವುದು (24), ವಾರ್ಷಿಕೋತ್ಸವದಲ್ಲಿ ಅವಳು ಮೇಕಪ್ ಇಲ್ಲದೆ ವೇದಿಕೆ ಹತ್ತಿ ಎಲ್ಲರೂ ಚಪ್ಪಾಳೆ ತಟ್ಟುವುದು (29).

ಕೇಳಬೇಕಿರುವುದು ಇಷ್ಟು. ದ್ವಿತೀಯಾರ್ಧ ಎತ್ತಲು ಹುಡುಗನ ದೃಷ್ಟಿಯ ಅಧ್ಯಾಯಗಳನ್ನು ಸೇರಿಸಬೇಕೇ? ಚಾಟ್ ಸಂಭಾಷಣೆ ಎಷ್ಟು ಇರಬಹುದು? ಇಬ್ಬರ ಸಾಮೀಪ್ಯವನ್ನು ಎಲ್ಲಿಯವರೆಗೆ ಬರೆಯಬಹುದು? ತೊನ್ನಿನ ವಿವರಗಳಲ್ಲಿ ಸಾಮಾನ್ಯವಾಗಿ ಎಲ್ಲಿ ಎಡವುತ್ತಾರೆ?

ಕೆಂಪು_ಪೆನ್ನು:

ಸೊರಗುವ ಜಾಗವನ್ನು ನೀವೇ ಸರಿಯಾಗಿ ಗುರುತಿಸಿದ್ದೀರಿ. ಕಾರಣ 14ನೇ ಅಧ್ಯಾಯದ ಆ ಒಂದು ಮಾತು. ನಿಮ್ಮ ಕಥೆಯಲ್ಲಿ ಎರಡು ಎಳೆ ಇವೆ. ಒಂದು, ಇವನು ನನ್ನವನಾಗುತ್ತಾನಾ? ಇನ್ನೊಂದು, ಈ ಮುಖ ಹೊತ್ತುಕೊಂಡು ನಾನು ಹೇಗೆ ಬದುಕಲಿ? "ಹಿಂಗೇ ಚೆಂದ" ಅಂದ ಕೂಡಲೇ ಎರಡಕ್ಕೂ ಉತ್ತರ ಸಿಕ್ಕಿಬಿಡುತ್ತದೆ, ಅದೂ ಹುಡುಗನ ಬಾಯಿಂದ. ಓದುಗರಿಗೆ ಕಾಯಲು ಏನೂ ಉಳಿಯಲಿಲ್ಲ. 15ರಿಂದ 21ರವರೆಗಿನ ತಪ್ಪು ತಿಳುವಳಿಕೆ ಆ ಖಾಲಿ ಜಾಗಕ್ಕೆ ತುಂಬಿದ ಹುಲ್ಲು. ಇಬ್ಬರೂ ಐದು ನಿಮಿಷ ಕೂತು ಮಾತಾಡಿದರೆ ಮುಗಿಯುವ ಜಗಳ ಏಳು ಅಧ್ಯಾಯ ತಡೆಯುವುದಿಲ್ಲ.

ಒಂದು ಕೆಲಸ ಮಾಡಿ. 31 ಚೀಟಿ ತೆಗೆದುಕೊಂಡು ಪ್ರತಿ ಚೀಟಿಯಲ್ಲೂ ಎರಡೇ ಸಾಲು ಬರೆಯಿರಿ. ನೀಲಿ ಶಾಯಿಯಲ್ಲಿ, ಈ ಅಧ್ಯಾಯದಲ್ಲಿ ಪ್ರೀತಿಯ ವಿಷಯಕ್ಕೆ *ಅವಳು* ಏನು ಮಾಡಿದಳು. ಕೆಂಪಿನಲ್ಲಿ, ತನ್ನ ಚರ್ಮದ ವಿಷಯಕ್ಕೆ ಅವಳು ಏನು ಮಾಡಿದಳು. "ಬೇಸರಪಟ್ಟಳು", "ಯೋಚಿಸಿದಳು" ಬರೆಯುವ ಹಾಗಿಲ್ಲ. ಮುಚ್ಚಿದಳು, ಸುಳ್ಳು ಹೇಳಿದಳು, ಕನ್ನಡಿ ತಿರುಗಿಸಿಟ್ಟಳು, ಕೇಳಿದಳು, ನಿರಾಕರಿಸಿದಳು: ಇಂಥ ಕ್ರಿಯಾಪದ ಮಾತ್ರ. ಚೀಟಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ನೋಡಿ. ನೀವು ಹೇಳಿದ ಪ್ರಕಾರ 15ರಿಂದ 23ರವರೆಗೆ ಕೆಂಪು ಸಾಲು ಖಾಲಿ ಇರುತ್ತದೆ. 24ರಲ್ಲಿ ಬಂದರೂ ಅಲ್ಲಿ ಕರೆದುಕೊಂಡು ಹೋಗುವವನು ಹುಡುಗ. ಎರಡು ಅಧ್ಯಾಯ ಸತತವಾಗಿ ಕೆಂಪು ಖಾಲಿ ಬಿದ್ದರೆ ಸಹಿಸಬಹುದು. ಮೂರನೆಯದಕ್ಕೆ ಓದುಗರ ಗಮನ ಸಡಿಲವಾಗುತ್ತದೆ.

ಪರಿಹಾರ ಹುಡುಕುವುದಾದರೆ ಪ್ರೀತಿಯನ್ನೇ ಸಮಸ್ಯೆ ಬಿಗಿಯಾಗುವುದಕ್ಕೆ ಬಳಸಿ. 2015ರಲ್ಲಿ ಬಂದ ಜೂಲಿ ಮರ್ಫಿ ಅವರ ‘ಡಂಪ್ಲಿನ್’ ಇಲ್ಲಿ ಒಳ್ಳೆಯ ಪಾಠ. ಟೆಕ್ಸಾಸ್‌ನ ದಪ್ಪ ಮೈಯ ಹುಡುಗಿ ತನ್ನ ದೇಹದ ಬಗ್ಗೆ ಸಾಕಷ್ಟು ನಿರಾಳವಾಗಿಯೇ ಇರುತ್ತಾಳೆ. ಇಷ್ಟಪಟ್ಟ ಹುಡುಗ ಮುಟ್ಟಿದ ಮೇಲೆ ಆ ನಿರಾಳತೆ ಒಡೆಯುತ್ತದೆ, ಅವನ ಕೈ ತನ್ನ ಮೈಯ ಮೇಲೆ ಏನನ್ನು ಗಮನಿಸುತ್ತಿದೆ ಎಂಬ ಲೆಕ್ಕ ತಲೆಯಲ್ಲಿ ಶುರುವಾಗುತ್ತದೆ. ಅವಳು ಸೌಂದರ್ಯ ಸ್ಪರ್ಧೆಗೆ ಹೆಸರು ಕೊಡುವುದಕ್ಕೆ ಈ ಒಡಕೇ ದಾರಿ ಮಾಡಿಕೊಡುತ್ತದೆ. ನಿಮ್ಮ ಹುಡುಗಿಗೂ ಇದು ಹೊಂದುತ್ತದೆ. ಪ್ರೀತಿ ಇಲ್ಲದಾಗ ಮುಚ್ಚಿಕೊಳ್ಳುವುದು ಬೆಳಗಿನ ಹತ್ತು ನಿಮಿಷದ ಕೆಲಸ. ಪ್ರೀತಿ ಬಂದ ಮೇಲೆ ದಿನವಿಡೀ ಕಾವಲು. ಹತ್ತಿರ ಕೂರುವಂತಿಲ್ಲ, ಬೆವರು ಒರೆಸಿಕೊಳ್ಳುವಂತಿಲ್ಲ, ಒಂದೇ ಬಾಟಲಿಯಲ್ಲಿ ನೀರು ಕುಡಿಯುವಂತಿಲ್ಲ.

ಅಳತೆ ಹೇಳುವುದಾದರೆ 26 ಅಧ್ಯಾಯ, 50,000 ಪದದ ಒಳಗೆ ತನ್ನಿ. ಡೆಮಿ ಅಷ್ಟಪತ್ರದ (ಕಾದಂಬರಿಗಳಿಗೆ ಬಳಸುವ ಒಂದು ಪುಸ್ತಕದಳತೆ) ಪುಟಕ್ಕೆ 230 ಪದದ ಲೆಕ್ಕದಲ್ಲಿ ನಿಮ್ಮ ಈಗಿನ ಕರಡು ಸುಮಾರು 270 ಪುಟ ಆಗುತ್ತದೆ, 50,000 ಪದವಾದರೆ 220ರ ಒಳಗೆ ನಿಲ್ಲುತ್ತದೆ. ಇಂಗ್ಲಿಷಿನ ಈ ಬಗೆಯ ಕಾದಂಬರಿಗಳ ಪದಸಂಖ್ಯೆ ನೋಡಿ ಗುರಿ ಇಟ್ಟುಕೊಳ್ಳಬೇಡಿ. ನಮ್ಮಲ್ಲಿ ವಿಭಕ್ತಿ, ಅವ್ಯಯ ಎಲ್ಲ ಪದಕ್ಕೇ ಅಂಟುವುದರಿಂದ ಅದೇ ಕಥೆ ಕಡಿಮೆ ಪದದಲ್ಲಿ ಮುಗಿಯುತ್ತದೆ. ಇಬ್ಬರಿಗೂ ಸೆಳೆತ ಇದೆ ಅನ್ನುವುದು 7ನೇ ಅಧ್ಯಾಯದೊಳಗೆ ಓದುಗರಿಗೆ ಗೊತ್ತಾಗಲಿ, ಬಾಯಿಬಿಟ್ಟು ಹೇಳುವುದು 16 ಅಥವಾ 17ಕ್ಕೆ ಹೋಗಲಿ. ಬಿರುಕು 20ರ ಆಸುಪಾಸಿನಲ್ಲಿ, ಅದೂ ಅವಳ ಮುಚ್ಚುಮರೆಯಿಂದಲೇ ಹುಟ್ಟಬೇಕು. ಇನ್ನೊಬ್ಬ ಹುಡುಗಿಯನ್ನು ಕಥೆಯಿಂದ ಪೂರ್ತಿ ತೆಗೆದರೂ ನಷ್ಟವಿಲ್ಲ.

ಒಂದು ಸಣ್ಣ ಮಾತು: ಅರಸೀಕೆರೆ ಬಯಲುಸೀಮೆ. ಮೇಕಪ್ ತೊಳೆದುಹೋಗಲು ಮಳೆ ತರುವ ಯೋಚನೆ ಇದ್ದರೆ ಬಿಡಿ. ಮಾರ್ಚ್ ತಿಂಗಳ ಬಿಸಿಲು, ಪ್ಲಾಟ್‌ಫಾರ್ಮಿನ ಧೂಳು, ಬೆವರು ಸಾಕು.

ಬಿಳಿಚುಕ್ಕೆ:

ಚರ್ಮದ ವಿವರಗಳ ಬಗ್ಗೆ. 24ನೇ ಅಧ್ಯಾಯ ಈಗಿರುವ ರೂಪದಲ್ಲಿ ನಿಲ್ಲುವುದಿಲ್ಲ. ಒಂದು ದಿನ ಹೋಗಿ ಪಡೆದು ಬರುವ ಚಿಕಿತ್ಸೆ ತೊನ್ನಿಗೆ ಇಲ್ಲ. ಮೇಲಾಗಿ 18 ತುಂಬದವರು ಒಂಟಿಯಾಗಿ ಬಂದರೆ ವೈದ್ಯರು ಅಪ್ಪ ಅಮ್ಮನನ್ನು ಕರೆದುಕೊಂಡು ಬಾ ಅನ್ನುತ್ತಾರೆ. ಬೆಂಗಳೂರೂ ಬೇಕಿಲ್ಲ. ಹಾಸನದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಅರಸೀಕೆರೆಯಿಂದ ಬಸ್ಸಿನಲ್ಲಿ ಹೋಗಿ ಬರುವ ದೂರ.

ಸಾಮಾನ್ಯವಾಗಿ ಕೊಡುವುದು ಹಚ್ಚುವ ಮುಲಾಮು, ಜೊತೆಗೆ ನ್ಯಾರೋಬ್ಯಾಂಡ್ ಯುವಿಬಿ (ಒಂದು ಬಗೆಯ ನೇರಳಾತೀತ ಕಿರಣ) ಬೆಳಕಿನ ಚಿಕಿತ್ಸೆ. ಬೆಳಕಿಗೆ ವಾರಕ್ಕೆ ಎರಡು ಮೂರು ಸಲ ಹೋಗಬೇಕು. ಗುಣ ಕಾಣಲು ಎರಡು ಮೂರು ತಿಂಗಳು, ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಹೇಳಲು ಆರು ತಿಂಗಳಾದರೂ ಬೇಕು. ಕಾಲೇಜು ಹುಡುಗಿಗೆ ಇದರ ಅರ್ಥ ತಪ್ಪುವ ತರಗತಿಗಳು, ಲ್ಯಾಬ್‌ಗೆ ಗೈರು, "ವಾರಕ್ಕೆರಡು ದಿನ ಎಲ್ಲಿಗೆ ಹೋಗ್ತೀಯಾ?" ಅನ್ನುವ ಪ್ರಶ್ನೆ. ಗುಟ್ಟು ಬೇಕಿದ್ದರೆ ಗುಟ್ಟು ಇಲ್ಲೇ ಇದೆ, ಬೆಂಗಳೂರಿನ ರೈಲು ಹತ್ತಿಸುವ ಅಗತ್ಯವಿಲ್ಲ.

ಬಣ್ಣ ಮರಳುವ ರೀತಿ ಕಥೆಗಾರರಿಗೆ ಬಹಳ ಉಪಯೋಗಕ್ಕೆ ಬರುತ್ತದೆ. ಬಿಳಿ ಮಚ್ಚೆ ಒಟ್ಟಿಗೆ ಕಪ್ಪಾಗುವುದಿಲ್ಲ. ಕೂದಲಿನ ಬುಡಗಳ ಸುತ್ತ ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆಗಳು ಮೂಡುತ್ತವೆ, ಅವು ಹರಡಿ ಒಂದಕ್ಕೊಂದು ಸೇರುತ್ತವೆ. ಬಣ್ಣ ತಯಾರಿಸುವ ಜೀವಕೋಶಗಳು ಬರುವುದು ಬಹುಮಟ್ಟಿಗೆ ಆ ಬುಡಗಳಿಂದಲೇ. ಬೆರಳ ತುದಿಯಲ್ಲಿ, ತುಟಿಯಲ್ಲಿ ಕೂದಲಿನ ಬುಡ ಇಲ್ಲದ್ದರಿಂದ ಅಲ್ಲಿ ಚಿಕಿತ್ಸೆ ಅಷ್ಟಾಗಿ ಹತ್ತುವುದಿಲ್ಲ. ಮಚ್ಚೆಯ ಮೇಲಿನ ಕೂದಲೇ ಬೆಳ್ಳಗಾಗಿದ್ದರೂ ಕಷ್ಟ. ಹಾಗಾಗಿ ಜುಲೈನಲ್ಲಿ ಶುರು ಮಾಡಿದರೆ ಫೆಬ್ರವರಿ ಹೊತ್ತಿಗೆ ನಿಮ್ಮ ಹುಡುಗಿಯ ಕಣ್ಣಿನ ರೆಪ್ಪೆ ಬಹುಪಾಲು ತುಂಬಿಕೊಂಡು, ಬೆರಳುಗಳು ಇದ್ದ ಹಾಗೇ ಉಳಿಯಬಹುದು. ಪೂರ್ತಿ ವಾಸಿಯಾದಳು ಅನ್ನುವುದೂ ಸುಳ್ಳು, ಏನೂ ಆಗುವುದಿಲ್ಲ ಅನ್ನುವುದೂ ಸುಳ್ಳು.

ಉಳಿದಂತೆ ಕರಡಿನಲ್ಲಿ ಹುಡುಕಿ ತಿದ್ದಬೇಕಾದವು. ಮಚ್ಚೆ ನೋಯುತ್ತದೆ, ಸದಾ ಕೆರೆಯುತ್ತದೆ ಎಂದು ಬರೆದಿದ್ದರೆ ತೆಗೆಯಿರಿ. ಸಾಮಾನ್ಯವಾಗಿ ಎರಡೂ ಇರುವುದಿಲ್ಲ, ಆದರೆ ಬಿಸಿಲಿಗೆ ಬೇಗ ಸುಡುತ್ತದೆ. ಅಂಟುರೋಗವಲ್ಲ. ಜನ ಕುಷ್ಠದೊಂದಿಗೆ ಬೆರೆಸಿ ಮಾತಾಡುತ್ತಾರೆ, ನೆಂಟರ ಬಾಯಲ್ಲಿ ಆ ಮಾತು ಬಂದರೆ ಬರಲಿ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಹೋಗಿರುತ್ತದೆ, ತೊನ್ನಿನಲ್ಲಿ ಹೋಗುವುದಿಲ್ಲ. ಹುಡುಗ ಬೆರಳು ಹಿಡಿದಾಗ ಅವಳಿಗೆ ಎಲ್ಲವೂ ಗೊತ್ತಾಗುತ್ತದೆ ಅನ್ನುವುದನ್ನು ಮರೆಯಬೇಡಿ. "ಮೀನು ತಿಂದು ಹಾಲು ಕುಡಿದದ್ದಕ್ಕೆ ಬಂತು" ಎಂಬ ಅಜ್ಜಿಯ ಮಾತು ಸಹಜ, ಆದರೆ ಕಾದಂಬರಿ ಅದನ್ನು ಉತ್ತರವಿಲ್ಲದೆ ಬಿಡಬಾರದು. ದೇಹದ ರೋಗನಿರೋಧಕ ವ್ಯವಸ್ಥೆ ಬಣ್ಣ ತಯಾರಿಸುವ ಜೀವಕೋಶಗಳ ಮೇಲೇ ತಿರುಗಿಬೀಳುವುದು ಇದರ ಮೂಲ. ಹಾಗೆಯೇ ಥೈರಾಯ್ಡ್ ಗ್ರಂಥಿಯ ಮೇಲೂ ತಿರುಗಿಬೀಳಬಹುದಾದ್ದರಿಂದ ಎಷ್ಟೋ ವೈದ್ಯರು ಅದರ ಪರೀಕ್ಷೆಯನ್ನೂ ಬರೆದುಕೊಡುತ್ತಾರೆ.

ಮನೆಮದ್ದಿನ ದೃಶ್ಯ ಬೇಕಿದ್ದರೆ ಬಾವಂಚಿ ಬೀಜದ ಎಣ್ಣೆ ಇದೆ. ಹಚ್ಚಿಕೊಂಡು ಬಿಸಿಲಿಗೆ ನಿಂತರೆ ಅದರಲ್ಲಿರುವ ಸೋರಲೆನ್ ಎಂಬ ಅಂಶ ಚರ್ಮವನ್ನು ಬೆಳಕಿಗೆ ವಿಪರೀತ ಸೂಕ್ಷ್ಮವಾಗಿಸುತ್ತದೆ. ಹೊತ್ತು ಹೆಚ್ಚಾದರೆ ಬೊಬ್ಬೆ ಏಳುತ್ತದೆ, ಅದೂ ಸುಟ್ಟ ಕೂಡಲೇ ಗೊತ್ತಾಗದೆ ಮರುದಿನ ಅಥವಾ ಅದರ ಮರುದಿನ. ಗಾಯವಾದ, ಉಜ್ಜಿದ ಜಾಗದಲ್ಲಿ ಹೊಸ ಮಚ್ಚೆ ಬರುವುದೂ ಉಂಟು: ಚಪ್ಪಲಿಯ ಪಟ್ಟಿ ತಗಲುವಲ್ಲಿ, ಬ್ಯಾಗಿನ ಪಟ್ಟಿಯ ಕೆಳಗೆ. ತಾರಸಿಯ ಮೇಲೆ ಮುಖಕ್ಕೆ ಎಣ್ಣೆ ಹಚ್ಚಿ ಮಗಳನ್ನು ಕೂರಿಸುವ ತಾಯಿ ಕೆಟ್ಟವಳಲ್ಲ, ಹೆದರಿದವಳು. ಆ ಅಧ್ಯಾಯವನ್ನು ಹಾಗೇ ಬರೆಯಿರಿ.

ಮೇಕಪ್ ವಿಷಯ. ಅಂಗಡಿಯ ಸಾದಾ ಫೌಂಡೇಶನ್ ಮಚ್ಚೆಯ ಮೇಲೆ ಬೂದಿ ಬಣ್ಣ ತಿರುಗುತ್ತದೆ, ಬೆವರಿಗೆ ಅಂಚು ಬಿಡುತ್ತದೆ. ಮುಚ್ಚಲೆಂದೇ ಇರುವ ದಪ್ಪ ಕ್ರೀಮನ್ನು ಬೆರಳಿನಿಂದ ಒತ್ತಿ ಒತ್ತಿ ಕೂರಿಸಿ, ಮೇಲೆ ಪೌಡರ್ ಹಾಕಿ, ಕೆಲವು ನಿಮಿಷ ಬಿಟ್ಟು ಹೆಚ್ಚಾದದ್ದನ್ನು ಜಾಡಿಸಬೇಕು. ಕೈಬೆರಳಿನಲ್ಲಿ ಅದು ಬಾಳುವುದಿಲ್ಲ, ಒಂದು ಸಲ ಕೈ ತೊಳೆದರೆ, ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಒಂದು ಪಿಪೆಟ್ ಹಿಡಿದರೆ ಮುಗಿಯಿತು. ದುಪಟ್ಟಾದ ಅಂಚಿನಲ್ಲಿ ಕಂದು ಕಲೆ ಉಳಿಯುತ್ತದೆ, ಅದನ್ನು ಒಗೆಯುವ ಅಮ್ಮನಿಗೆ ಎಲ್ಲ ಗೊತ್ತಿರುತ್ತದೆ.

ಎರಡನೇ_ಬೆಂಚು:

ಹುಡುಗನ ದೃಷ್ಟಿಯ ಅಧ್ಯಾಯಗಳ ಬಗ್ಗೆ ನನ್ನ ಉತ್ತರ ಬೇಡ ಎಂದೇ. ಎರಡು ನಿರೂಪಣೆ ಫಲಿಸುವುದು ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಾಗ. ಸಂಧ್ಯಾ ಮೆನನ್ ಅವರ ‘ವೆನ್ ಡಿಂಪಲ್ ಮೆಟ್ ರಿಷಿ’ (2017) ಇಬ್ಬರ ನಡುವೆ ಓಡಾಡುವುದಕ್ಕೆ ಸರಿಯಾದ ಕಾರಣವಿದೆ: ಮನೆಯವರು ತಮ್ಮಿಬ್ಬರಿಗೆ ಮದುವೆ ಮಾಡಿಸಲು ನೋಡುತ್ತಿದ್ದಾರೆಂದು ರಿಷಿಗೆ ಗೊತ್ತು, ಡಿಂಪಲ್‌ಗೆ ಗೊತ್ತಿಲ್ಲ. ನಿಮ್ಮ ಹುಡುಗನಿಗೆ ಅಂಥ ಗುಟ್ಟು ಯಾವುದೂ ಕಾಣುತ್ತಿಲ್ಲ. ಅವನ ಒಳಗನ್ನು ತೆರೆದರೆ ಸಿಗುವುದು "ಅವಳು ಎಷ್ಟು ಚೆಂದ" ಎಂಬುದೇ. ಹಾಗಾದರೆ ಕೆಂಪು_ಪೆನ್ನು ಅವರು ಹೇಳಿದ ತೊಂದರೆ ಇಮ್ಮಡಿಯಾಗುತ್ತದೆ, ಅವಳ ಮುಖದ ಬೆಲೆಯನ್ನು ಅವನ ಕಣ್ಣೇ ಕಟ್ಟುತ್ತಾ ಹೋಗುತ್ತದೆ.

ಅದರ ಬದಲು ಹುಡುಗನಿಗೂ ಮುಚ್ಚಿಕೊಳ್ಳುವುದು ಒಂದು ಇರಲಿ. ಬಾಣಾವರ ಕಡೆಯ ಹುಡುಗ ಎಂದಿರಿ. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ವಿಜ್ಞಾನಕ್ಕೆ ಬಂದವನಾಗಿದ್ದರೆ ನಿಮ್ಮ ಕೆಲಸ ಅರ್ಧ ಆಯಿತು. ಬಹುತೇಕ ಕಡೆ ಪಿಯು ವಿಜ್ಞಾನದ ಪಾಠ, ಪುಸ್ತಕ ಎಲ್ಲ ಇಂಗ್ಲಿಷಿನಲ್ಲಿ. ಹೈಸ್ಕೂಲಿನಲ್ಲಿ ‘ಗುರುತ್ವ’, ‘ವೇಗೋತ್ಕರ್ಷ’ ಎಂದು ಅರ್ಥಮಾಡಿಕೊಂಡು ಓದಿದವನು ಇಲ್ಲಿ ಡೆರಿವೇಶನ್‌ಗಳನ್ನು ಅಕ್ಷರ ಬಿಡದೆ ಬಾಯಿಪಾಠ ಮಾಡುತ್ತಾನೆ. ಪ್ರಶ್ನೆಯ ಒಂದು ಪದ ಬದಲಾದರೆ ಪೆನ್ನು ನಿಂತುಹೋಗುತ್ತದೆ. ಲೆಕ್ಚರರ್ ಎಬ್ಬಿಸಿ ಕೇಳಿದಾಗ ಉತ್ತರ ಗೊತ್ತಿದ್ದೂ "ಗೊತ್ತಿಲ್ಲ ಸರ್" ಅನ್ನುತ್ತಾನೆ, ಯಾಕೆಂದರೆ ಬಾಯಿಬಿಟ್ಟರೆ ಹಿಂದಿನ ಸಾಲು ನಗುತ್ತದೆ. ಅವಳು ಬೆರಳನ್ನು ದುಪಟ್ಟಾದೊಳಗೆ ಇಟ್ಟುಕೊಳ್ಳುವುದಕ್ಕೂ ಅವನು ಬಾಯಿ ಮುಚ್ಚಿ ನಿಲ್ಲುವುದಕ್ಕೂ ಇರುವ ನಂಟನ್ನು ಓದುಗರೇ ಕಂಡುಕೊಳ್ಳುತ್ತಾರೆ, ನೀವು ಹೇಳಬೇಕಾಗಿಲ್ಲ. ಬಿರುಕಿಗೂ ಇದರಲ್ಲೇ ಕಾರಣ ಸಿಗುತ್ತದೆ: ಸಿಟ್ಟಿನ ಭರದಲ್ಲಿ ಅವಳು ಅವನ ಇಂಗ್ಲಿಷನ್ನು ಆಡಿಕೊಳ್ಳಲಿ. ತನ್ನನ್ನು ಯಾವುದು ಚುಚ್ಚುತ್ತದೋ ಅದನ್ನೇ ಇನ್ನೊಬ್ಬರಿಗೆ ಮಾಡಿದೆ ಎಂದು ಅವಳಿಗೆ ಹೊಳೆಯುವ ಅಧ್ಯಾಯ ನಿಮ್ಮ ಕಾದಂಬರಿಯ ಅತ್ಯಂತ ಗಟ್ಟಿ ಅಧ್ಯಾಯವಾಗಬಹುದು.

ಚಾಟ್ ಬಗ್ಗೆ: ಒಂದು ಸಲಕ್ಕೆ 8–10 ಸಾಲು, ಅದಕ್ಕಿಂತ ಹೆಚ್ಚು ಬೇಡ. ಪುಟಗಟ್ಟಲೆ ಚಾಟ್ ಇಟ್ಟರೆ ಮುಖ, ಕೈ, ಜಾಗ ಮೂರೂ ಮಾಯವಾಗಿ ಬರೀ ಮಾತು ಉಳಿಯುತ್ತದೆ. ಮೈಯನ್ನೇ ವಿಷಯವಾಗಿಟ್ಟುಕೊಂಡ ಕಾದಂಬರಿಗೆ ಅದು ದೊಡ್ಡ ಹೊಡೆತ. ಬೆಕಿ ಆಲ್ಬರ್ಟಾಲಿಯವರ 2015ರ ಕಾದಂಬರಿಯಲ್ಲಿ ಸೈಮನ್ ಮತ್ತು ‘ಬ್ಲೂ’ ನಡುವಿನ ಇಮೇಲುಗಳು ಉದ್ದುದ್ದ ಇವೆ, ಆದರೂ ದಣಿಸುವುದಿಲ್ಲ. ಬ್ಲೂ ಯಾರೆಂದು ಸೈಮನ್‌ಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಪ್ರತಿ ಇಮೇಲೂ ಒಂದು ಸುಳಿವು. ದಿನಾ ಒಂದೇ ಕ್ಲಾಸಿನಲ್ಲಿ ಕೂರುವ ಇಬ್ಬರ "ಊಟ ಆಯ್ತಾ", "ಹ್ಞೂಂ, ನಿಂದು?" ಯಾವ ಸುಳಿವನ್ನೂ ಕೊಡುವುದಿಲ್ಲ. ನೀಲಿ ಟಿಕ್ ಬಂದೂ ಉತ್ತರ ಬರದಿರುವುದು, ಬರೆದು ಅಳಿಸಿದ ಸಂದೇಶ, ವಿಡಿಯೋ ಕಾಲ್ ಬಂದಾಗ ಕ್ಯಾಮೆರಾ ಆಫ್ ಮಾಡಿ "ನೆಟ್‌ವರ್ಕ್ ಇಲ್ಲ ಕಣೋ" ಅನ್ನುವುದು, ಇವು ಕಥೆ ನಡೆಸುತ್ತವೆ. ಫೋನಿಗೆ ಕಾಲೇಜಿನೊಳಗೆ ಅನುಮತಿ ಇಲ್ಲ ಎಂದಿಟ್ಟುಕೊಳ್ಳಿ, ಸಹಜವೂ ಹೌದು, ದೃಶ್ಯಗಳೂ ತಾವಾಗಿಯೇ ಮುಖಾಮುಖಿಯಾಗುತ್ತವೆ.

ಓದುಕೋಣೆ:

ಸಾಮೀಪ್ಯದ ಪ್ರಶ್ನೆಗೆ. ಇಬ್ಬರೂ 18ರ ಒಳಗಿನವರು. ಕೈ ಹಿಡಿಯುವುದು, ಭುಜಕ್ಕೆ ಭುಜ ತಾಗಿ ಕೂರುವುದು, ಅಷ್ಟಕ್ಕೇ ನಿಲ್ಲಿಸಿ. ಅದು ಈ ಕಥೆಗೆ ಸಾಲುವುದು ಮಾತ್ರವಲ್ಲ, ಅದೇ ಸರಿ. ಅವಳು ಮೊದಲ ಸಲ ಬಣ್ಣ ಹಚ್ಚದ ಬೆರಳನ್ನು ಅವನ ಕೈಗೆ ಕೊಡುವುದಕ್ಕಿಂತ ಆತ್ಮೀಯವಾದದ್ದು ಈ ಕಾದಂಬರಿಯಲ್ಲಿ ಬೇರೆ ಇರಲು ಸಾಧ್ಯವಿಲ್ಲ. ಕೊಡುವವಳು ಅವಳಾಗಿರಬೇಕು, ಅವನು ಹಿಡಿದೆಳೆಯುವಂತಿಲ್ಲ.

ಬೆಂಗಳೂರಿನ ಗುಟ್ಟು ಪ್ರಯಾಣವನ್ನು ಬಿಡಲು ಇನ್ನೂ ಒಂದು ಕಾರಣ ಇದೆ. ಅಪ್ರಾಪ್ತ ಹುಡುಗಿಯನ್ನು ಮನೆಯವರಿಗೆ ಹೇಳದೆ ಹುಡುಗ ಬೇರೆ ಊರಿಗೆ ಕರೆದೊಯ್ದ ಎಂದಾದರೆ ಪೊಲೀಸ್ ದೂರು, ಅಪಹರಣದ ಆರೋಪದವರೆಗೆ ಹೋಗಬಹುದು. ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18ರ ಒಳಗಿನ ಎಲ್ಲರೂ ಮಕ್ಕಳೇ. ಆ ದಾರಿ ಹಿಡಿದರೆ ಕಥೆ ಠಾಣೆ, ಕೋರ್ಟಿನ ಕಥೆಯಾಗುತ್ತದೆ. ಹಿಡಿಯದೆ, ಹೋದರು ಬಂದರು ಎಂದು ತೇಲಿಸಿದರೆ 16ರ ಓದುಗರಿಗೆ ತಪ್ಪು ಭರವಸೆ ಕೊಟ್ಟಂತೆ.

ವಾರ್ಷಿಕೋತ್ಸವದ ಚಪ್ಪಾಳೆಗೆ ನನ್ನ ವಿರೋಧವಿದೆ. ಇಡೀ ಸಭಾಂಗಣ ಅವಳನ್ನು ಒಪ್ಪಿಕೊಂಡಿತು, ಸರಿ. ಅವಳು ತನ್ನನ್ನು ಒಪ್ಪಿಕೊಂಡದ್ದು ಎಲ್ಲಿ? 500 ಜನ ಚಪ್ಪಾಳೆ ತಟ್ಟದೇ ಇದ್ದಿದ್ದರೆ? ನಿಮ್ಮ ಪುಸ್ತಕ ಓದುವ ತೊನ್ನಿನ ಹುಡುಗಿಗೆ ಅಂಥ ಸಭಾಂಗಣ ಸಿಗುವುದಿಲ್ಲ. ಯಾರೂ ಚಪ್ಪಾಳೆ ತಟ್ಟದ, ಯಾರೂ ಬಹುಶಃ ಗಮನಿಸದ ಒಂದು ಕೆಲಸದಲ್ಲಿ ಅವಳ ತೀರ್ಮಾನ ಕಾಣಲಿ. ನನ್ನ ಸಲಹೆ ಪರೀಕ್ಷೆಯ ಪ್ರವೇಶಪತ್ರದ ಫೋಟೋ. ಸ್ಟುಡಿಯೋದವನು ಕೇಳದೆಯೇ ಮಚ್ಚೆಯನ್ನು ತೆಗೆದು ನುಣ್ಣಗೆ ಮಾಡಿ ಕೊಡುತ್ತಾನೆ, ಪಾಪ, ಉಪಕಾರ ಮಾಡಿದೆ ಅಂದುಕೊಂಡಿರುತ್ತಾನೆ. ಅವಳು ಏನು ಮಾಡುತ್ತಾಳೆ?

ಅಂಚಿನ_ಹಾಳೆ:

ಎಲ್ಲರಿಗೂ ವಂದನೆ. ಫೋಟೋದ ದೃಶ್ಯ ಮನಸ್ಸಿಗೆ ಹಿಡಿಸಿತು. ಆದರೆ ಹುಡುಗಿ ಪ್ರಥಮ ಪಿಯುನಲ್ಲಿದ್ದಾಳೆ. ದ್ವಿತೀಯಕ್ಕೆ ತಂದರೆ ಕಾಲದ ಲೆಕ್ಕ ಹೇಗೆ ಕೂರಿಸಲಿ? ಹುಡುಗ ಭೌತಶಾಸ್ತ್ರದಲ್ಲಿ ಫೇಲಾಗಿ ಒಂದು ವರ್ಷ ಕಳೆದುಕೊಳ್ಳುವಂತೆ ಮಾಡಿದರೆ ಬೇರ್ಪಡುವಿಕೆಗೆ ಕಾರಣ ಸಿಗುತ್ತದೆಯೇ?

ಎರಡನೇ_ಬೆಂಚು:

ವರ್ಷ ಕಳೆದುಕೊಳ್ಳುವುದು ಹಳೆಯ ಕಥೆಗಳ ದಾರಿ, ಈಗ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 2024ರಿಂದ ದ್ವಿತೀಯ ಪಿಯುಗೆ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಒಂದಕ್ಕಿಂತ ಹೆಚ್ಚು ಅವಕಾಶ ಇವೆ. ಮೊದಲನೆಯದರಲ್ಲಿ ಹೋದರೆ ಎರಡನೆಯದಕ್ಕೆ ಕೂರುತ್ತಾನೆ. ಈಗಿನ ಪಿಯು ಓದುಗರು ಇಂಥದ್ದನ್ನು ಮೊದಲ ಓದಿಗೇ ಹಿಡಿಯುತ್ತಾರೆ. ಬೇರ್ಪಡಿಸಲೇಬೇಕಿದ್ದರೆ ಫೇಲ್ ಮಾಡಿಸಬೇಡಿ: ಅವಳು ಸಿಇಟಿ ಬರೆದು ಎಂಜಿನಿಯರಿಂಗ್ ಕಡೆ, ಅವನು ಊರ ಹತ್ತಿರವೇ ಡಿಗ್ರಿಗೆ. ಜಗಳವಿಲ್ಲದೆ ದೂರವಾಗುವುದು ಈ ವಯಸ್ಸಿನಲ್ಲಿ ಹೆಚ್ಚು ನಿಜ.

ಕೆಂಪು_ಪೆನ್ನು:

ದ್ವಿತೀಯಕ್ಕೆ ತನ್ನಿ, ಎಲ್ಲ ಸುಲಭವಾಗುತ್ತದೆ. ಜೂನ್‌ನಲ್ಲಿ ತರಗತಿ ಶುರು, ಮಾರ್ಚ್‌ನಲ್ಲಿ ಪರೀಕ್ಷೆ-1. ವಯಸ್ಸು 17 ಆಗುತ್ತದೆ, ಕಥೆಗೆ ಗಡಿಯಾರ ಸಿಗುತ್ತದೆ. ತಾರಸಿಯ ಬಾವಂಚಿ ಎಣ್ಣೆಯನ್ನು 3ನೇ ಅಧ್ಯಾಯಕ್ಕೆ ಇಡಿ, ಬೊಬ್ಬೆ ಎದ್ದದ್ದರಿಂದಲೇ ಜುಲೈನಲ್ಲಿ ಹಾಸನದ ಆಸ್ಪತ್ರೆ. ಅಕ್ಟೋಬರ್ ಹೊತ್ತಿಗೆ ರೆಪ್ಪೆಯ ಮೇಲೆ ಮೊದಲ ಕಂದು ಚುಕ್ಕೆ, ಅದೇ ತಿಂಗಳು ಪ್ರೀತಿ ಹೇಳಿಕೊಳ್ಳುವುದು. ಎರಡೂ ಒಟ್ಟಿಗೆ ಬಂದರೆ ಅವಳಿಗೆ ಗೊಂದಲವಾಗಬೇಕು, "ನಾನು ವಾಸಿಯಾಗ್ತಿದೀನಿ ಅಂತ ಇವನು ಬಂದನಾ?" ಎಂದು. ಇಂಗ್ಲಿಷ್ ಆಡಿಕೊಂಡ ಜಗಳ ಡಿಸೆಂಬರ್‌ಗೆ.

ಫೋಟೋವನ್ನು ಎರಡು ಸಲ ಬಳಸಿ. 5ನೇ ಅಧ್ಯಾಯದಲ್ಲಿ ಕಾಲೇಜಿನ ಗುರುತಿನ ಚೀಟಿಗೆಂದು ತೆಗೆಸಿದಾಗ ಮಚ್ಚೆ ತೆಗೆದುಕೊಡಿ ಎಂದು ಅವಳೇ ಕೇಳಿರಲಿ, ಹೆಚ್ಚಿಗೆ 20 ರೂಪಾಯಿ ಕೊಟ್ಟಿರಲಿ. ಪರೀಕ್ಷೆಯ ಅರ್ಜಿಗೆ ಅದೇ ಸ್ಟುಡಿಯೋಗೆ ಹೋದಾಗ ಅವನು ಅಭ್ಯಾಸದಂತೆ ಅಳಿಸಿರುತ್ತಾನೆ. ಈ ದೃಶ್ಯ 24ನೇ ಅಧ್ಯಾಯಕ್ಕೆ ಬರಲಿ, ಒಂದೂವರೆ ಪುಟ ದಾಟದಿರಲಿ. ಹುಡುಗ ಅಲ್ಲಿರಬಾರದು. ಜಗಳವೂ ಇನ್ನೂ ಮುಗಿದಿರಬಾರದು, ಇಲ್ಲದಿದ್ದರೆ ರಾಜಿಯಾದ ಧೈರ್ಯದಲ್ಲಿ ಮಾಡಿದಳು ಎಂದಾಗುತ್ತದೆ. ಅವಳ ಬಾಯಲ್ಲಿ ಭಾಷಣವೂ ಬೇಡ. "ಇದು ನನ್ ಥರ ಇಲ್ಲ ಅಣ್ಣ, ಮೊದಲು ತೆಗ್ದಿದ್ದೇ ಪ್ರಿಂಟ್ ಹಾಕಿ" ಅನ್ನುವಷ್ಟೇ. ಅವನು "ಪರೀಕ್ಷೆ ಫೋಟೋ ಕಣಮ್ಮ, ಚೆನ್ನಾಗಿರ್ಲಿ ಅಂತ" ಎಂದು ಒಂದು ಸಲ ಒತ್ತಾಯ ಮಾಡಲಿ. ಅವಳು ಎಂಟು ಪ್ರತಿ ಕೇಳಲಿ, ಒಂದನ್ನು ಅರ್ಜಿಗೆ ಅಂಟಿಸಿ ಉಳಿದ ಏಳನ್ನು ಎಲ್ಲಿಡುತ್ತಾಳೆ ಅನ್ನುವುದನ್ನು 25ಕ್ಕೆ ಉಳಿಸಿಕೊಳ್ಳಿ.